ಕಾಂತಪ್ಪನ ತುಲನಾತ್ಮಕ ವರದಿ

ಕಾಂತಪ್ಪ ಸುಳ್ಳು ಹೇಳುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದುತ್ತ ಹೋದ ಹಾಗೆ ನಿಮಗೆ ಸಂಶಯ ಬಂದೀತು. ಅವನ ತೊಂದರೆ ಬೇರೆ. ಎದುರಿಗೆ ಇದ್ದವರು ಏನಾದರೂ ಕೇಳಿದರೆ ಅವರಿಗೆ ಬೇಸರವಾಗಬಾರದು ಎಂಬ ಒಂದೇ ಸದುದ್ದೇಶದಿಂದ, ಕೇಳಿದ್ದಕ್ಕಿಂತ ಒಂದು ಮುಷ್ಟಿ ಹೆಚ್ಚು ಉತ್ತರ ಕೊಡುತ್ತಾನೆ. ಹದಿನಾರು ವರ್ಷ ಹೋಟೆಲಿನಲ್ಲಿ ಇದ್ದವನು. ಇಡ್ಲಿ ಇದೆಯಾ ಎಂದು ಕೇಳಿದವರಿಗೆ ಇಡ್ಲಿ ಉಂಟು, ವಡೆ ಉಂಟು, ಬನ್ಸು ಬಿಸಿ ಉಂಟು ಎಂದು ಹೇಳಿ ನಾಲಗೆಗೆ ರೂಢಿಯಾಗಿಬಿಟ್ಟಿದೆ. ಬನ್ಸು ಬಿಸಿ ಇದೆಯೋ ಇಲ್ಲವೋ ಎಂಬುದು ಅಡುಗೆಮನೆಯವರಿಗೆ ಸೇರಿದ ವಿಷಯ.

ಈಗ ಅವನಿಗೆ ಸಯನ್ ಸ್ಟೇಷನ್ನಿನ ಪಶ್ಚಿಮಕ್ಕೆ ಸ್ವಂತ ಇಂಟರ್‌ನೆಟ್ ಕಂಪನಿ ಇದೆ. ಕಂಪನಿ ಎಂದ ಕೂಡಲೇ ಗಾಜಿನ ಕಟ್ಟಡ, ಎಸಿ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಅವನು ವಾಸವಿರುವ ಹಳೇ ಬಿಲ್ಡಿಂಗಿನ ಮೆಟ್ಟಿಲ ಕೆಳಗಿನ ಜಾಗ, ಒಂದು ಟೇಬಲ್ಲು, ತಿರುಗುವುದನ್ನು ಎರಡು ವರ್ಷದ ಹಿಂದೆಯೇ ನಿಲ್ಲಿಸಿದ ಒಂದು ತಿರುಗುವ ಕುರ್ಚಿ, ಗೋಡೆಯ ತುಂಬ ವಯರು. ಸಿಬ್ಬಂದಿ ಎಂದರೆ ಅಣವೀರಪ್ಪ ಒಬ್ಬನೇ. ವಿಜಾಪುರ ಕಡೆಯವನು, ಐವತ್ತು ದಾಟಿದವನು. ಇಪ್ಪತ್ತು ವರ್ಷ ಕಟ್ಟಡಗಳಿಗೆ ಬಿದಿರು ಕಟ್ಟಿ ಹತ್ತಿ ಇಳಿದು, ಈಗ ಕಾಂತಪ್ಪನ ವಯರು ಹಿಡಿದು ಟೆರೇಸಿನಿಂದ ಟೆರೇಸಿಗೆ ಓಡಾಡುತ್ತಾನೆ. ಅವನಿಗೆ ಗೊತ್ತಿರುವ ವಿಷಯ ಬಹಳ, ಆದರೆ ಕಾಂತಪ್ಪ ಕೇಳುವುದು ಕಡಿಮೆ.

ಕಂಪನಿ ಈಗ ಕೊನೆಯುಸಿರು ಎಳೆಯುತ್ತಿತ್ತು. ದೊಡ್ಡ ಕಂಪನಿಯೊಂದು ಅವನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಸೆಳೆದುಕೊಂಡು ಹೋಗುತ್ತಿತ್ತು. ಉಳಿಯಬೇಕಾದರೆ ಒಂದೇ ದಾರಿ: ರೈಲ್ವೆ ಹಳಿಯ ಆಚೆ, ಪೂರ್ವಕ್ಕೆ, ಹದಿನಾಲ್ಕು ಮಾಳಿಗೆಯ ಹೊಸ ಸೊಸೈಟಿ, ಎಂಬತ್ತನಾಲ್ಕು ಮನೆ. ಅದು ಸಿಕ್ಕರೆ ಬದುಕಿದ. ಸಿಗದಿದ್ದರೆ ಗ್ರಾಂಟ್ ರೋಡು.

ಗ್ರಾಂಟ್ ರೋಡಿನಲ್ಲಿ ಇರುವುದು ಅವನ ಹೆಂಡತಿ ಶೀಲಾವತಿಯ ಅಣ್ಣ ಮೋನಪ್ಪನ ಹೋಟೆಲು. ಕಾಂತಪ್ಪ ಹದಿನಾರು ವರ್ಷ ಕೂತದ್ದು ಆ ಹೋಟೆಲಿನ ಗಲ್ಲಾದಲ್ಲೇ. ಮೋನಪ್ಪ ಗಂಟೆಗೊಮ್ಮೆ ಬಂದು 'ಏಳು' ಎನ್ನುತ್ತಿದ್ದ. ಕಾಂತಪ್ಪ ಎದ್ದು ನಿಲ್ಲಬೇಕು. ಮೋನಪ್ಪ ಆ ಬಿಸಿ ಕುರ್ಚಿಯಲ್ಲಿ ಎರಡು ನಿಮಿಷ ಕೂತು, ಹೋಟೆಲನ್ನೆಲ್ಲ ಒಮ್ಮೆ ಕಣ್ಣಲ್ಲೇ ಗುಡಿಸಿ, 'ಕೂರು' ಎಂದು ಹೋಗುತ್ತಿದ್ದ. ಆರು ವರ್ಷದ ಹಿಂದೆ ಒಂದು ದಿನ, 'ಏಳು' ಎಂದಾಗ ಎದ್ದ ಕಾಂತಪ್ಪ 'ಕೂರು' ಎಂದಾಗ ಕೂರಲಿಲ್ಲ. ಎಲ್ಲ ಸಪ್ಲಾಯರ್‌ಗಳ ಮುಂದೆ, ಬಾಯಲ್ಲಿ ತುತ್ತಿಟ್ಟುಕೊಂಡಿದ್ದ ಗಿರಾಕಿಗಳ ಮುಂದೆ, "ಇನ್ನು ಈ ಗಲ್ಲಾದಲ್ಲಿ ಕೂರುವುದುಂಟಾದ್ರೆ ಕೇಳಿ!" ಎಂದು ಹೇಳಿ ಹೊರಬಿದ್ದ. ಆ ಮಾತನ್ನು ನುಂಗಿಕೊಂಡು ಹೋಗುವುದಕ್ಕಿಂತ ಹಳಿಯ ಮೇಲೆ ಮಲಗುವುದು ಮೇಲು ಎಂದು ಅವನು ಹೆಂಡತಿಗೆ ವಾರಕ್ಕೆರಡು ಸಲ ಹೇಳುತ್ತಿದ್ದ.

"ಹಳಿ ಹತ್ತಿರವೇ ಉಂಟು, ಆದ್ರೆ ಊಟ ಮಾಡಿ ಹೋಗಿ," ಎನ್ನುತ್ತಿದ್ದಳು ಶೀಲಾವತಿ.

ಹಳಿ ದಾಟಿಸಿ ಕೇಬಲ್ ಎಳೆಯಬೇಕಾದರೆ ರೈಲ್ವೆಯವರ ಪರವಾನಿಗೆ ಬೇಕು. ಅದಕ್ಕೆ ಅರ್ಜಿ ಹಾಕಿದವರು ಮೊಮ್ಮಕ್ಕಳಿಗೆ ಪತ್ರ ಕೊಟ್ಟು ತೀರಿಕೊಳ್ಳಬೇಕಾಗುತ್ತದೆ. ಅದಕ್ಕಾಗಿಯೇ ರೇಡಿಯೊ ಎಂಬುದೊಂದಿದೆ. ಹಾಡು ಹೇಳುವ ರೇಡಿಯೊ ಅಲ್ಲ. ಈಚೆಯ ಟೆರೇಸಿನಲ್ಲಿ ಒಂದು, ಆಚೆಯ ಟೆರೇಸಿನಲ್ಲಿ ಒಂದು, ಮುಖಕ್ಕೆ ಮುಖ ಮಾಡಿ ನಿಲ್ಲಿಸಿದರೆ ವಯರಿಲ್ಲದೆ ಗಾಳಿಯಲ್ಲೇ ಇಂಟರ್‌ನೆಟ್ ದಾಟಿಸುವ ಜೋಡಿ.

ಗುರುವಾರ ಬೆಳಿಗ್ಗೆ ಕಾಂತಪ್ಪ ಆ ಸೊಸೈಟಿಯ ಸೆಕ್ರೆಟರಿ ಗುಪ್ತೆ ಸಾಹೇಬರ ಮುಂದೆ ಕೂತಿದ್ದ. ಗುಪ್ತೆಯವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ತಕ್ಕಡಿಯ ತಟ್ಟೆ ತಿರುಗಿಸಿ ನೋಡದೆ ಅರ್ಧ ಕಿಲೋ ಟೊಮೆಟೊ ಕೊಂಡವರಲ್ಲ. ಅವರು ಚೀಲ ಹಿಡಿದು ಹೊರಟರೆ ತರಕಾರಿ ಗಾಡಿಗಳು ಗಲ್ಲಿ ಬದಲಾಯಿಸುತ್ತಿದ್ದವು. ಅವರ ಮಾತೆಲ್ಲ ಮರಾಠಿ, ನಡುವೆ ಹಿಂದಿ. ಇಲ್ಲಿ ನಮ್ಮ ಅನುಕೂಲಕ್ಕೆ ಕನ್ನಡದಲ್ಲಿದೆ.

"ಯಾವ ರೇಡಿಯೊ ಹಾಕುತ್ತೀರಿ?"

"ಎಲ್ಲಕ್ಕಿಂತ ಒಳ್ಳೆಯದು ಸಾಹೇಬ್ರೇ."

"ಒಳ್ಳೆಯದು ಅಂತ ಹೇಗೆ ಗೊತ್ತು? ತುಲನೆ ಮಾಡಿದ್ದೀರಾ?"

ಇಲ್ಲ ಎನ್ನಬಹುದಿತ್ತು. ಮಾಡುತ್ತೇನೆ ಎನ್ನಬಹುದಿತ್ತು. ಆದರೆ ಕೇಳಿದವರಿಗೆ ಬೇಸರವಾಗಬಾರದಲ್ಲ?

"ಮಾಡದೆ ಇರ್ತೇನಾ? ಹನ್ನೊಂದು ನಮೂನೆ ಹೋಲಿಸಿ ನೋಡಿ ಆಗಿದೆ. ವರದಿ ಉಂಟು, ತುಲನಾತ್ಮಕ ವರದಿ. ನಮ್ಮ ಇಂಜಿನಿಯರುಗಳು ಕೂತು ಮಾಡಿದ್ದು."

ಅಲ್ಲಿಯ ತನಕ ಕಾಂತಪ್ಪ ಕಣ್ಣಾರೆ ನೋಡಿದ ರೇಡಿಯೊಗಳ ಸಂಖ್ಯೆ ಸೊನ್ನೆ. ಅಣವೀರಪ್ಪನ ಮೊಬೈಲಿನಲ್ಲಿ ಒಂದರ ಫೋಟೊ ನೋಡಿದ್ದ, ಅದೂ ತಲೆಕೆಳಗಾಗಿತ್ತು.

ಗುಪ್ತೆಯವರು ಕನ್ನಡಕ ತೆಗೆದು ಒರೆಸಿದರು. "ಕಾಗದದ ಮೇಲೆ ಎಲ್ಲಾ ತಕ್ಕಡಿಯೂ ಸರಿಯಾಗಿಯೇ ಇರುತ್ತದೆ ಕಾಂತಪ್ಪಾ. ಅದು ಚಲೇಗಾ ನಹೀ, ನಡೆಯುವುದಿಲ್ಲ. ಭಾನುವಾರ ಹನ್ನೊಂದು ಗಂಟೆಗೆ ನಮ್ಮ ಜನರಲ್ ಬಾಡಿ ಇದೆ. ಹನ್ನೊಂದು ನಮೂನೆ ಬೇಡ, ಎರಡು ನಮೂನೆ ರೇಡಿಯೊ ತನ್ನಿ. ಎಲ್ಲರ ಮುಂದೆ ತೂಗಿ ತೋರಿಸಿ. ಒಂದೇ ಜಾಗ, ಒಂದೇ ಹೊತ್ತು, ಒಂದೇ ಅಳತೆ. ದೊಡ್ಡ ಕಂಪನಿಯವನೂ ಬರುತ್ತಾನೆ. ನಿಮ್ಮದು ಸರಿ ಬಂದರೆ ನಿಮಗೆ, ಇಲ್ಲವಾದರೆ ಅವನಿಗೆ."

"ಅದಕ್ಕೇನು ಸಾಹೇಬ್ರೇ, ನಾಳೆಯೇ ಬೇಕಾದ್ರೆ ನಾಳೆ," ಎಂದು ನಕ್ಕು ಹೊರಬಂದ ಕಾಂತಪ್ಪ ಹಳಿ ದಾಟುವ ಸೇತುವೆಯ ಮೇಲೆ ನಿಂತು ಹತ್ತು ನಿಮಿಷ ಬೆವರು ಒರೆಸಿಕೊಂಡ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಶುಕ್ರವಾರ ಗ್ರಾಂಟ್ ರೋಡಿನ ಹತ್ತಿರದ ಎಲೆಕ್ಟ್ರಾನಿಕ್ಸ್ ಗಲ್ಲಿಯಲ್ಲಿ ಅಂಗಡಿ ಅಂಗಡಿ ತಿರುಗಿದ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕೊನೆಗೆ ಇಬ್ಬರು ವ್ಯಾಪಾರಿಗಳು ಸೋಮವಾರದ ತನಕ ಟ್ರಯಲ್ಲಿಗೆ ಅಂತ ಒಂದೊಂದು ಜೋಡಿ ಕೊಟ್ಟರು. ಒಂದು ಜೋಡಿ ಚಪ್ಪಟೆ, ಶಾಲೆಯ ಸ್ಲೇಟಿನಷ್ಟು ದೊಡ್ಡದು, ಚೀಲದಲ್ಲಿ ಹಿಡಿಯಿತು. ಇನ್ನೊಂದು ಜೋಡಿ ಎರಡೆರಡು ಅಡಿ ಅಗಲದ ದುಂಡನೆ ತಟ್ಟೆಗಳು. ಅವುಗಳ ಪೆಟ್ಟಿಗೆ ಸಿಗಲಿಲ್ಲ ಎಂದು ವ್ಯಾಪಾರಿ ಕಂದು ಕಾಗದ ಸುತ್ತಿ, ಸುತಲಿ ಕಟ್ಟಿ, ಎರಡನ್ನೂ ಕಾಂತಪ್ಪನ ಎದೆಗೆ ಒರಗಿಸಿಬಿಟ್ಟ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಭಾವನ ಹೋಟೆಲು. ಕಾಂತಪ್ಪ ಎದುರಿನ ಫುಟ್‌ಪಾತ್ ಹಿಡಿದು, ತಟ್ಟೆಗಳ ಹಿಂದೆ ಮುಖ ಮರೆಮಾಡಿಕೊಂಡು ನಡೆದ. ಆದರೆ ಎರಡು ಅಡಿ ಅಗಲದ ದುಂಡನೆ ವಸ್ತು ಉಡುಪಿ ಹೋಟೆಲಿನ ಮಾಲಕನ ಕಣ್ಣು ತಪ್ಪಿಸುವುದುಂಟೇ? ಮೋನಪ್ಪ ಬಾಗಿಲಲ್ಲೇ ನಿಂತಿದ್ದ. ರಸ್ತೆ ದಾಟಿಯೇ ಬಂದುಬಿಟ್ಟ.

"ಎಂತದು ಕಾಂತಪ್ಪಾ, ಅದು?"

ಆರು ವರ್ಷದಲ್ಲಿ ಆ ಹೋಟೆಲಿನ ಎದುರು ಇಬ್ಬರ ನಡುವೆ ಆದ ಮೊದಲ ಮಾತು. ರೇಡಿಯೊ ಅಂದರೆ ಮುಗಿಯಿತು, ಯಾವ ಸ್ಟೇಷನ್ ಬರ್ತದೆ ಮಾರಾಯ ಎಂದು ಭಾವ ಸಪ್ಲಾಯರುಗಳನ್ನೆಲ್ಲ ಕರೆದು ನಗುತ್ತಾನೆ. ಕಾಂತಪ್ಪ ಎದೆ ಸೆಟೆದು ನಿಂತ. ತಟ್ಟೆಗಳಿದ್ದುದರಿಂದ ಎದೆ ಕಾಣಲಿಲ್ಲ.

"ಭಾನುವಾರ ಹನ್ನೊಂದು ಗಂಟೆಗೆ ಗೊತ್ತಾಗ್ತದೆ ಭಾವ. ನಿಮಗೆ ಮಾತ್ರ ಅಲ್ಲ, ಇಡೀ ಸಯನ್ನಿಗೇ ಗೊತ್ತಾಗ್ತದೆ."

ಮೋನಪ್ಪ ಕಣ್ಣಲ್ಲೇ ಅಳೆದ. "ಎರಡೂವರೆ ಅಡಿಯಾ?"

"ಎರಡು."

"ಎರಡು ಯಾಕೆ ತಗೊಂಡದ್ದು?"

"ಈಸ್ಟಿಗೊಂದು, ವೆಸ್ಟಿಗೊಂದು," ಎಂದು ಹೇಳಿ ಕಾಂತಪ್ಪ ಹೊರಟೇಹೋದ. ಬೋರಿವಲಿಯ ಗಾಡಿ ಹತ್ತಿ ಕೂತವನಿಗೆ ದಾದರು ದಾಟಿದ ಮೇಲೆ, ಸಯನ್ನಿಗೆ ಹೋಗಲು ಅಲ್ಲಿ ಗಾಡಿ ಬದಲಾಯಿಸಬೇಕಿತ್ತು ಎಂಬುದು ನೆನಪಾಯಿತು. ಮನಸ್ಸು ಅಷ್ಟು ಹಾರಾಡುತ್ತಿತ್ತು.

ಇತ್ತ ಮೋನಪ್ಪ ರಸ್ತೆ ದಾಟಿ ವಾಪಸಾಗುವಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿದ. ಎರಡು ದೋಸೆ ಕಾವಲಿ, ಈಸ್ಟಿಗೊಂದು, ವೆಸ್ಟಿಗೊಂದು! ಅಂದರೆ ತಂಗಿಯ ಗಂಡ ಹೋಟೆಲ್ ಇಡುತ್ತಿದ್ದಾನೆ. ಒಂದಲ್ಲ, ಒಂದೇ ದಿನ ಎರಡು. ತನ್ನ ಗಲ್ಲಾದಲ್ಲಿ ಹದಿನಾರು ವರ್ಷ ಕೂತು ತನ್ನ ಸಾಂಬಾರಿನ ಗುಟ್ಟೆಲ್ಲ ತಿಳಿದವನು! ಮೋನಪ್ಪ ಆ ಸಂಜೆ ಯಾರಿಗೂ ಹೇಳಬೇಡಿ ಎಂದು ಹದಿನೇಳು ಜನಕ್ಕೆ ಫೋನ್ ಮಾಡಿದ.

ದೀಪ ಹಚ್ಚುವ ಹೊತ್ತಿಗೆ ಶೀಲಾವತಿಗೆ ಸಾಂತಾಕ್ರೂಜಿನ ದೊಡ್ಡಮ್ಮನ ಫೋನು ಬಂತು.

"ಹೋಟೆಲ್ ಇಡ್ತೀರಂತೆ? ನಮಗೊಂದು ಮಾತು ಹೇಳ್ಲಿಕ್ಕೆ ಬಾಯಿ ಬರ್ಲಿಲ್ವಾ ಶೀಲಾ?"

"ಯಾವ ಹೋಟೆಲ್ ದೊಡ್ಡಮ್ಮ? ಇವ್ರಿಗೆ ಚಾ ಮಾಡ್ಲಿಕ್ಕೆ ಬರುದಿಲ್ಲ."

"ಇರ್ಲಿ, ಇರ್ಲಿ. ದೃಷ್ಟಿ ಆಗ್ತದೆ ಅಂತ ಹೇಳುದಿಲ್ಲ ಅಲ್ವಾ? ನಂಗೆ ಗೊತ್ತಾಗ್ತದೆ."

ಇದೊಂದು ಕಷ್ಟ. ಹೋಟೆಲ್ ಇಡುವವರು ಬೋರ್ಡು ಹತ್ತುವ ತನಕ ಒಪ್ಪಿಕೊಳ್ಳುವ ಸಂಪ್ರದಾಯ ನಮ್ಮವರಲ್ಲಿಲ್ಲ. ಆದ್ದರಿಂದ ಶೀಲಾವತಿ ಇಲ್ಲ ಎಂದಷ್ಟೂ ಸುದ್ದಿ ಗಟ್ಟಿಯಾಯಿತು. ಒಬ್ಬರು ತಮ್ಮ ಮಗನಿಗೆ ಸಪ್ಲಾಯರುಗಳ ಮೇಲಿನ ಕ್ಯಾಪ್ಟನ್ ಕೆಲಸ ಕೇಳಿದರು. ಇನ್ನೊಬ್ಬರು ಫಿಲ್ಟರ್ ಕಾಫಿ ಇಡ್ತೀರಲ್ಲ, ಇಲ್ಲದಿದ್ದರೆ ನಾವು ಬರುವುದಿಲ್ಲ ಎಂದು ಈಗಲೇ ಹೇಳಿ ಇಟ್ಟರು.

ಶನಿವಾರ ಬೆಳಗಾಗುವಾಗ ಬಾಗಿಲಲ್ಲಿ ತಿಲಕ್ ನಿಂತಿದ್ದ. ಮೋನಪ್ಪನ ಹೋಟೆಲಿನ ದೋಸೆ ಹೊಯ್ಯುವವನು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ತನ್ನ ಸ್ವಂತ ಸಟ್ಟುಗ.

"ಕಾಂತಣ್ಣ, ಧಣಿಗೆ ಹೇಳ್ಬೇಡಿ. ನನ್ನನ್ನು ತಗೊಳ್ಳಿ."

"ಎಲ್ಲಿಗೆ ತಗೊಳ್ಳುದು? ಹೋಟೆಲ್ ಇಲ್ಲ ತಿಲಕ್!"

"ಆಯ್ತು, ಇಲ್ಲ," ಎಂದು ತಿಲಕ್ ಕಣ್ಣು ಹೊಡೆದ. "ಇಲ್ಲದಿದ್ರೂ ಟ್ರಯಲ್ ತಗೊಳ್ಳಿ. ಬೇಕಾದ್ರೆ ಇನ್ನೊಬ್ಬನನ್ನು ಪಕ್ಕದಲ್ಲಿ ನಿಲ್ಸಿ. ಒಂದೇ ಹಿಟ್ಟು, ಒಂದೇ ಹೊತ್ತು, ಕಾವಲಿಗೆ ಕಾವಲಿ ತಾಗಿಸಿ. ಧಣಿ ನನ್ನನ್ನು ತಗೊಂಡದ್ದು ಹಾಗೇ ಅಲ್ವಾ? ನೀವೇ ಇದ್ರಿ."

ಕಾಂತಪ್ಪನ ಮೈಯಲ್ಲಿ ಮಿಂಚು ಹರಿಯಿತು. ಹೌದಲ್ಲ! ಹದಿನಾರು ವರ್ಷ ನೋಡಿದ್ದೇನು ಕಡಿಮೆಯೇ? ಅಡುಗೆಯವರನ್ನು ಆರಿಸುವ ರೀತಿ ಅದೇ. ಒಬ್ಬನನ್ನು ಇವತ್ತು, ಇನ್ನೊಬ್ಬನನ್ನು ನಾಳೆ ನೋಡಿದರೆ ಹಿಟ್ಟು ಹುಳಿಯಾಯಿತು, ಬೆಂಕಿ ಜಾಸ್ತಿಯಾಯಿತು ಎಂದು ಸೋತವನು ನೆಪ ಹೇಳುತ್ತಾನೆ. ಪಕ್ಕಪಕ್ಕ ನಿಲ್ಲಿಸಿದರೆ ನೆಪವೇ ಇಲ್ಲ. ಗುಪ್ತೆ ಸಾಹೇಬರು ಹೇಳಿದ್ದೂ ಅದನ್ನೇ. ಅವನು ತಿಲಕನನ್ನು ತಬ್ಬಿಕೊಂಡು, ಚಾ ಕೂಡ ಕೊಡದೆ ಕಳಿಸಿ, ಮೂರು ಮೂರು ಮೆಟ್ಟಿಲು ಒಟ್ಟಿಗೆ ಹಾರಿ ಟೆರೇಸಿಗೆ ಹೋದ. ತಿಲಕ್ ಕೆಲಸ ಸಿಕ್ಕಿತೆಂದೇ ತಿಳಿದು ಗ್ರಾಂಟ್ ರೋಡಿಗೆ ಹೋಗಿ ಭಾನುವಾರಕ್ಕೆ ರಜೆ ಕೇಳಿದ. ಮೋನಪ್ಪನಿಗೆ ಇನ್ನೇನು ಸಾಕ್ಷಿ ಬೇಕು?

ಟೆರೇಸಿನಲ್ಲಿ ಅಣವೀರಪ್ಪ ಪೈಪು ನೆಡುತ್ತಿದ್ದ.

"ಎರಡೂ ಒಂದೇ ಪೈಪಿಗೆ ಕಟ್ಟು ಅಣವೀರಪ್ಪ. ಒಂದು ಗೇಣು ಅಂತರ ಸಾಕು. ಆಚೆ ಟೆರೇಸಲ್ಲೂ ಹಾಗೇ."

"ಕಟ್ತೀನ್ರಿ. ನಂಬರ್ ಮಾತ್ರ ಬ್ಯಾರೆ ಬ್ಯಾರೆ ಇಡ್ಲೇನ್ರಿ?"

ಈ ರೇಡಿಯೊಗಳು ಗಾಳಿಯಲ್ಲಿ ಯಾವ ದಾರಿ ಹಿಡಿದು ಹೋಗಬೇಕು ಎಂಬುದಕ್ಕೆ ಒಂದು ನಂಬರು ಇರುತ್ತದೆ. ಅದನ್ನು ನಾವೇ ಕೊಡಬೇಕು.

"ಬೇರೆ ಬೇರೆ ಯಾಕೆ? ಒಬ್ಬನಿಗೆ ಒಂದು ಹಿಟ್ಟು, ಇನ್ನೊಬ್ಬನಿಗೆ ಬೇರೆ ಹಿಟ್ಟು ಕೊಟ್ಟು ಟ್ರಯಲ್ ಮಾಡ್ತಾರಾ? ಎರಡಕ್ಕೂ ಒಂದೇ ನಂಬರ್!"

"ಇದರಾಗ ಹಿಟ್ಟು ಎಲ್ಲಿಂದ ಬಂತ್ರಿ ಸಾವ್ಕಾರ್ರ?" ಎಂದು ಅಣವೀರಪ್ಪ ಬೆರಗಾಗಿ ನೋಡಿದ. "ಒಂದ ದಾರ್ಯಾಗ ಎರಡು ಬಂಡಿ ಎದುರುಬದರು ಬಿಟ್ಟಂಗ ಆಗ್ತದ್ರಿ."

"ನ್ಯಾಯ ಅಂದ್ರೆ ನ್ಯಾಯ. ಕಟ್ಟು."

ಮಧ್ಯಾಹ್ನಕ್ಕೆ ಕಟ್ಟಿ ಮುಗಿಯಿತು. ಎರಡನ್ನೂ ಒಟ್ಟಿಗೆ ಚಾಲೂ ಮಾಡಿದರು. ಇನ್ನೂರು ತೋರಿಸಬೇಕಾದ ವೇಗ, ತಟ್ಟೆಯಲ್ಲಿ ನಾಲ್ಕು, ಸ್ಲೇಟಿನಲ್ಲಿ ಮೂರು. ಸ್ವಲ್ಪ ಹೊತ್ತಿಗೆ ತಟ್ಟೆಯಲ್ಲಿ ಎರಡು. ಆಮೇಲೆ ಎರಡೂ ಮಲಗಿದವು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಾಂತಪ್ಪ ಮೊದಲು ರೈಲುಗಳ ಮೇಲೆ ತಪ್ಪು ಹೊರಿಸಿದ. ಮೂರು ನಿಮಿಷಕ್ಕೊಂದು ಲೋಕಲ್ ಹೋದರೆ ಯಾವ ರೇಡಿಯೊ ತಡೆದುಕೊಂಡೀತು? ರೈಲು ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲವಾದ್ದರಿಂದ ಪಾರಿವಾಳಗಳ ಮೇಲೆ ಬಿದ್ದ, ಟವೆಲ್ ಬೀಸಿ ಓಡಿಸಿದ. ಅವು ಪಕ್ಕದ ಬಿಲ್ಡಿಂಗಿಗೆ ಹೋಗಿ ಮತ್ತೆ ಬಂದವು. ಆಮೇಲೆ ಒಣಗಲು ಹಾಕಿದ ಬಟ್ಟೆಗಳು. ನಾಲ್ಕನೇ ಮಾಳಿಗೆಯವರ ಹನ್ನೆರಡು ಸೀರೆ, ಎರಡು ಕಂಬಳಿ ಎಲ್ಲ ತೆಗೆಸಿದ. ಕೊನೆಗೆ ಮೂರನೇ ಮಾಳಿಗೆಯ ಅಜ್ಜಿ ಹರಡಿದ್ದ ಹಪ್ಪಳ.

"ನನ್ನ ಹಪ್ಪಳ ಏನೋ ಮಾಡ್ತು ನಿಂಗೆ? ಮಲಗಿಕೊಂಡಿದೆ ಪಾಪ!" ಎಂದು ಅಜ್ಜಿ ಕೋಲು ಹಿಡಿದು ಮೇಲೆ ಬಂದಳು. ಹಿಂದೆಯೇ ಸೀರೆಯವರು, ಅವರ ಹಿಂದೆ ಈ ತಟ್ಟೆಯಿಂದ ತಲೆನೋವು ಬರುತ್ತದಂತೆ ಎಂದು ಎರಡನೇ ಮಾಳಿಗೆಯವರು. ತಟ್ಟೆ ಚಾಲೂ ಆಗಿ ಇಪ್ಪತ್ತು ನಿಮಿಷವಾಗಿತ್ತು, ಅವರಿಗೆ ತಲೆನೋವು ಮೂರು ದಿನದಿಂದ ಇತ್ತು.

"ಒಂದ್ ಬಂದ್ ಮಾಡಿ ನೋಡೂಣೇನ್ರಿ?" ಎಂದ ಅಣವೀರಪ್ಪ. ಈ ಕಡೆಯಿಂದ ಆ ಕಡೆಗೆ ಹನ್ನೊಂದು ಸಲ ಸೇತುವೆ ದಾಟಿ ಬಂದು ಅವನು ಮೊಣಕಾಲು ನೀವಿಕೊಳ್ಳುತ್ತಿದ್ದ.

"ನಾಳೆ ಎರಡೂ ಒಟ್ಟಿಗೆ ತೋರಿಸ್ಬೇಕು. ಇವತ್ತು ಒಂದು ಬಂದ್ ಮಾಡಿ ಏನು ಪ್ರಯೋಜನ? ಸರಿಯಾಗ್ತದೆ. ಹೊಸ ಜಾಗಕ್ಕೆ ಹೊಂದಿಕೊಳ್ಳಬೇಕು."

ಆದರೆ ಮನೆಗೆ ಬಂದವನು ಊಟಕ್ಕೆ ಕೂತು ಎದ್ದ, ಎದ್ದು ಕೂತ. ಅನ್ನಕ್ಕೆ ಮಜ್ಜಿಗೆಯ ಬದಲು ನೀರು ಹಾಕಿಕೊಂಡು ಉಂಡ. ಶೀಲಾವತಿ ಬೈಯಲಿಲ್ಲ. ಅವಳಿಗೂ ಹೆದರಿಕೆಯಾಗಿತ್ತು. ಗಂಡ ಬಾಯಿಬಡುಕನಾದರೂ ಈ ಆರು ವರ್ಷ ಅವನು ತಲೆ ಎತ್ತಿ ನಡೆದದ್ದನ್ನು ಕಂಡಿದ್ದಳು. ಮತ್ತೆ ಅಣ್ಣನ ಮುಂದೆ ಎದ್ದು ನಿಲ್ಲುವುದನ್ನು ನೋಡಲು ಅವಳಿಗೆ ಮನಸ್ಸಿರಲಿಲ್ಲ.

ಭಾನುವಾರ ಹನ್ನೊಂದು ಗಂಟೆ. ಸೊಸೈಟಿಯ ಸಭಾಂಗಣದಲ್ಲಿ ಅರವತ್ತು ಜನ, ತಟ್ಟೆಯಲ್ಲಿ ಬಟಾಟೆ ವಡೆ. ಮುಂದಿನ ಸಾಲಿನಲ್ಲಿ ಟೈ ಕಟ್ಟಿದ ದೊಡ್ಡ ಕಂಪನಿಯ ಮನುಷ್ಯ. ಗುಪ್ತೆಯವರ ಮುಂದೆ ಎರಡು ಕಾಲಮ್ಮು ಗೀಟು ಹಾಕಿದ ದೊಡ್ಡ ಪುಸ್ತಕ. ಗೋಡೆಯ ಮೇಲೆ ದೊಡ್ಡದಾಗಿ ಕಾಣುವಂತೆ ವೇಗದ ಅಂಕಿ. ಈ ಟೆರೇಸಿನ ರೇಡಿಯೊಗಳು ಮೇಲೆ ಸಿದ್ಧವಾಗಿದ್ದವು. ಹಳಿಯ ಆಚೆ, ಕಾಂತಪ್ಪನ ಬಿಲ್ಡಿಂಗಿನ ಟೆರೇಸಿನಲ್ಲಿ ಅಣವೀರಪ್ಪ. ಇಲ್ಲಿ ಕಾಂತಪ್ಪನ ಕೈಯಲ್ಲಿ ಫೋನು.

"ಸ್ಪೀಕರ್ ಹಾಕಿ," ಎಂದರು ಗುಪ್ತೆ. "ಮುಚ್ಚುಮರೆ ಇರಬಾರದು."

"ಅಣವೀರಪ್ಪ, ಎರಡೂ ಚಾಲೂ ಮಾಡು," ಎಂದ ಕಾಂತಪ್ಪ ಗಂಭೀರವಾಗಿ.

ಗೋಡೆಯ ಮೇಲೆ ಮೂರು ಬಂತು. ನಾಲ್ಕು ಬಂತು. ಒಂದು ಬಂತು. ಗುಪ್ತೆಯವರು ಒಂದೊಂದನ್ನೂ ಬರೆದುಕೊಂಡರು. ಟೈಯವನು ವಡೆ ಮುರಿದು ಬಾಯಿಗಿಟ್ಟು ನಸುನಕ್ಕ. ಕಾಂತಪ್ಪನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಅದೇ ಹೊತ್ತಿಗೆ ಫೋನಿನಿಂದ ಅಣವೀರಪ್ಪನ ದನಿ ಬಂತು. "ಸಾವ್ಕಾರ್ರ, ಯಾರೋ ದೊಡ್ಡೋರು ಮ್ಯಾಲ ಬರ್ಲಾಕತ್ತಾರ್ರಿ. ಕೈಯಾಗ ಹಿತ್ತಾಳಿ ದೀಪ ಹಿಡಕೊಂಡಾರ."

ಮೋನಪ್ಪ! ಕಾಂತಪ್ಪ ಶತ್ರುವಾದರೇನು, ತಂಗಿಯ ಗಂಡ ಹೋಟೆಲ್ ಇಡುವಾಗ ದೀಪ ಕೊಡದಿದ್ದರೆ ನಾಲ್ಕು ಜನ ಏನಂದಾರು? ದೀಪ ಕೊಟ್ಟು, ಆಮೇಲೆ ಚೆನ್ನಾಗಿ ಬೈದು ಬರುವುದು ಎಂದು ಗ್ರಾಂಟ್ ರೋಡಿನಿಂದ ಟ್ಯಾಕ್ಸಿ ಹಿಡಿದು ಬಂದಿದ್ದ. ಶೀಲಾವತಿ, "ಎಲ್ಲ ಮೇಲೆ ಉಂಟು ಅಣ್ಣ, ನೀವೇ ನೋಡಿ," ಎಂದು ಮೆಟ್ಟಿಲು ತೋರಿಸಿದ್ದಳು.

ಟಣ್, ಟಣ್ ಎಂದು ಬೆರಳ ಗೆಣ್ಣಿನಿಂದ ಏನನ್ನೋ ಬಡಿದ ಸದ್ದು ಸಭಾಂಗಣದ ತುಂಬ ಕೇಳಿತು.

"ಇದು ಬೀಡಿನ ಕಾವಲಿ ಅಲ್ಲ," ಎಂದಿತು ಮೋನಪ್ಪನ ದನಿ. "ಕಾವಲಿಯನ್ನು ಪೈಪಿಗೆ ಯಾಕೆ ಕಟ್ಟಿದ್ದೀರಿ? ಹೋಟೆಲ್ ಎಲ್ಲುಂಟು?"

"ಯಾವ ಹೋಟ್ಲ್ರಿ? ಇದು ರೇಡಿಯೋ ಅದ್ರಿ. ಇಂಟರ್‌ನೆಟ್ಟಿಂದು."

ಟಣ್ ಎಂದು ಮತ್ತೊಂದು ಸದ್ದು. ಆಮೇಲೆ ಮೋನಪ್ಪ ನಕ್ಕ. ಎರಡು ದಿನದ ಸಂಕಟವೆಲ್ಲ ಆ ನಗೆಯಲ್ಲಿ ಹೊರಬಂತು. ಅರವತ್ತು ಜನ ವಡೆ ಕೈಯಲ್ಲಿ ಹಿಡಿದು ಫೋನಿನತ್ತ ನೋಡಿದರು. "ಹೋಟೆಲ್ ಅಲ್ವಾ? ಅಯ್ಯೋ ದೇವರೇ, ರೇಡಿಯೊವಾ? ಬದುಕಿದೆ! ಎಂತ ಸಮಸ್ಯೆ ಮಾರಾಯ, ಯಾಕೆ ಮುಖ ಸಪ್ಪೆ ಮಾಡಿದ್ದಿ?"

"ಎರಡೂ ಮಲಗ್ಯಾವ್ರಿ."

"ಒಟ್ಟಿಗೆ ಹಚ್ಚಿದ್ದೀರಾ? ಒಂದೇ ಪೈಪಿನಲ್ಲಿ? ಒಂದೇ ಸಿಲಿಂಡರಿಗೆ ಎರಡು ಒಲೆ ಕೊಟ್ಟು ಎರಡನ್ನೂ ದೊಡ್ಡದು ಮಾಡಿದ್ರೆ ಯಾವ ದೋಸೆ ಬೇಯ್ತದೆ? ಒಂದು ಬಂದ್ ಮಾಡು!"

"ನಿನ್ನಿ ನಾನೂ ಇದನ್ನ ಹೇಳೀನ್ರಿ."

"ಭಾವ, ಬೇಡ! ಕೈ ಹಾಕ್ಬೇಡಿ! ಇದು ಗ್ಯಾಸ್ ಅಲ್ಲ!" ಎಂದು ಕಾಂತಪ್ಪ ಫೋನಿಗೆ ಕಿರುಚಿದ. ಅಷ್ಟರಲ್ಲಿ ಮೋನಪ್ಪ ತಟ್ಟೆಯ ವಯರು ಕಿತ್ತಾಗಿತ್ತು.

ಗೋಡೆಯ ಮೇಲಿನ ಅಂಕಿ ಮೂರರಿಂದ ನಲವತ್ತಕ್ಕೆ, ನಲವತ್ತರಿಂದ ನೂರಕ್ಕೆ ಹಾರಿ, ನೂರ ಅರವತ್ತರಲ್ಲಿ ನಿಂತಿತು. ಸಭೆ 'ಆಹಾ' ಎಂದಿತು.

"ಏನಾಯ್ತು?" ಎಂದ ಮೋನಪ್ಪ.

"ನೂ... ನೂರ ಅರವತ್ತು," ಎಂದ ಕಾಂತಪ್ಪ.

"ಈಗ ಅದನ್ನು ಬಂದ್ ಮಾಡಿ ಇದನ್ನು ಹಚ್ಚು. ಬೇಗ! ಗಿರಾಕಿ ಕಾಯ್ತಾರೆ!"

ತಟ್ಟೆ ಇನ್ನೂರ ಹತ್ತು ತೋರಿಸಿತು. ನಡುವೆ ಒಂದು ಫಾಸ್ಟ್ ಲೋಕಲ್ ಕಲ್ಯಾಣ್ ಕಡೆಗೆ ಧಡಧಡ ಹೋಯಿತು, ಅಂಕಿ ಅಲುಗಲಿಲ್ಲ. ಗುಪ್ತೆಯವರು ಎರಡೂ ಕಾಲಮ್ಮು ತುಂಬಿಸಿ ಕೆಳಗೆ ಗೀಟೆಳೆದರು. ಅರವತ್ತು ಜನ ಚಪ್ಪಾಳೆ ತಟ್ಟಿದರು. ತುಲನಾತ್ಮಕ ವರದಿ ಐದೇ ನಿಮಿಷದಲ್ಲಿ ಸಿದ್ಧವಾಗಿತ್ತು.

"ರೇಡಿಯೊ ಸರಿ ಇದೆ," ಎಂದರು ಗುಪ್ತೆ. "ಆದರೆ ಫೋನಿನಲ್ಲಿ ಮಾತಾಡಿದ್ದು ಯಾರು? ಭಾಷೆ ತಿಳಿಯಲಿಲ್ಲ, ಆದರೆ ಎಂಥ ಅಧಿಕಾರ! ಒಂದು ಮಾತು, ಒಂದು ಕೆಲಸ."

ಟೈಯವನು ಎದ್ದು ನಿಂತ. "ಹೌದು ಸರ್, ಅವರು ಇಂಜಿನಿಯರಾ ಅಂತ ಮೊದಲು ಕೇಳಿ."

ಎಂಬತ್ತನಾಲ್ಕು ಮನೆ ಕಾಂತಪ್ಪನ ಮುಖವನ್ನೇ ನೋಡುತ್ತಿತ್ತು. ಅವರು ನನ್ನ ಭಾವ, ಹೋಟೆಲಿನವರು, ದೀಪ ಹಿಡಿದು ಬಂದಿದ್ದಾರೆ ಎಂದು ಹೇಳಲಾದೀತೇ?

"ನಮ್ಮ ಚೀಫ್ ಇಂಜಿನಿಯರ್ ಸಾಹೇಬ್ರೇ. ಮೂವತ್ತು ವರ್ಷದ ಅನುಭವ," ಎಂದ. ಅನುಭವ ಯಾವುದರಲ್ಲಿ ಎಂದು ಯಾರೂ ಕೇಳಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. "ದಿನಾ ಬೆಳಿಗ್ಗೆ ಒಂಬತ್ತರಿಂದ ಸಾಯಂಕಾಲ ಆರರ ತನಕ ನಮ್ಮ ಆಫೀಸಲ್ಲೇ ಕೂತಿರ್ತಾರೆ. ಯಾವಾಗ ಬೇಕಾದ್ರೂ ಬಂದು ನೋಡಿ!"

"ಬರೋಬರ್. ಬಂದು ನೋಡುತ್ತೇನೆ," ಎಂದರು ಗುಪ್ತೆ. ಅದನ್ನು ಕರಾರುಪತ್ರದ ಮೊದಲನೆಯ ಷರತ್ತಾಗಿ ಬರೆದೂಬಿಟ್ಟರು. "ಹೇಳದೆ ಕೇಳದೆ ಬರುತ್ತೇನೆ. ಮೂವತ್ತನಾಲ್ಕು ವರ್ಷ ನಾನು ಎಲ್ಲ ಅಂಗಡಿಗೂ ಹಾಗೆಯೇ ಹೋದದ್ದು. ಅವರು ಕುರ್ಚಿಯಲ್ಲಿ ಇಲ್ಲದಿದ್ದರೆ ಕರಾರು ಅಂದೇ ರದ್ದು."

ಮನೆಗೆ ಬಂದಾಗ ಮೋನಪ್ಪ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದ. ಕಾಂತಪ್ಪ ವಿಷಯ ಹೇಳಿ, ಜೀವಮಾನದಲ್ಲಿ ಮೊದಲ ಸಲ ಭಾವನ ಕೈ ಹಿಡಿದುಕೊಂಡ. ಮೋನಪ್ಪ ನಗುತ್ತಾನೆ ಎಂದುಕೊಂಡಿದ್ದ. ಮೋನಪ್ಪ ನಗಲಿಲ್ಲ. ಲೋಟ ಕೆಳಗಿಟ್ಟು, ನೆಟ್ಟಗೆ ಕೂತ.

"ಚೀಫ್ ಇಂಜಿನಿಯರ್," ಎಂದು ಮೆಲ್ಲಗೆ ಒಮ್ಮೆ ಹೇಳಿ ನೋಡಿದ. "ಆಯ್ತು. ಜನರಿಗೆ ಮಾತು ಕೊಟ್ಟ ಮೇಲೆ ನಡೆಸ್ಬೇಕು ಕಾಂತಪ್ಪ. ನಾಳೆಯಿಂದ ಬರ್ತೇನೆ."

"ಭಾವ, ನಿಮ್ಮ ಉಪಕಾರ ಏಳು ಜನ್ಮಕ್ಕೂ..."

"ಅದೆಲ್ಲ ಇರ್ಲಿ. ನಾನು ಇಲ್ಲಿ ಕೂತ್ರೆ ಅಲ್ಲಿ ಗಲ್ಲಾದಲ್ಲಿ ಯಾರು?"

 ಬಾಗಿಲಲ್ಲಿ ನಿಂತಿದ್ದ ಅಣವೀರಪ್ಪ ಕೈಯಲ್ಲಿದ್ದ ವಯರನ್ನು ಮೊದಲ ಸಲ ನೋಡುವವನ ಹಾಗೆ ನೋಡತೊಡಗಿದ. ಶೀಲಾವತಿ ಗಂಡನ ಮುಖ ನೋಡಿ, ಕಣ್ಣು ತುಂಬಿ ಬಂದದ್ದನ್ನು ಸೆರಗಿನಿಂದ ಒರೆಸಿಕೊಂಡು ಒಳಗೆ ಹೋದಳು. ಆದರೆ ಒಳಗೆ ಹೋಗಿ ಬಾಯಿಗೆ ಅದೇ ಸೆರಗು ಹಿಡಿದು ನಕ್ಕಳು ಎಂದು ಕೆಲವರು ಹೇಳುತ್ತಾರೆ.

ಸೋಮವಾರದಿಂದ ಮೋನಪ್ಪ ಒಂಬತ್ತಕ್ಕೆ ಸರಿಯಾಗಿ ಸಯನ್ನಿಗೆ ಬರುತ್ತಾನೆ. ವಿಸಿಟಿಂಗ್ ಕಾರ್ಡು ಮಾಡಿಸಿದ್ದಾನೆ. ಅಣವೀರಪ್ಪ ಹೇಳಿದ್ದನ್ನು ಪೂರ್ತಿ ಕೇಳಿ, ಅದನ್ನೇ ಗಟ್ಟಿಯಾಗಿ ಅಣವೀರಪ್ಪನಿಗೇ ಹೇಳುತ್ತಾನೆ. ಹೀಗಾಗಿ ಕಂಪನಿಯಲ್ಲಿ ಮೊದಲ ಸಲ ಕೆಲಸ ಸರಿಯಾಗಿ ನಡೆಯುತ್ತಿದೆ. ಗುಪ್ತೆಯವರು ನಾಲ್ಕು ಸಲ ಹೇಳದೆ ಬಂದು, ನಾಲ್ಕು ಸಲವೂ ಚೀಫ್ ಇಂಜಿನಿಯರರ ಜೊತೆ ಚಾ ಕುಡಿದು ಹೋದರು.

ತಿಂಗಳ ಕೊನೆಗೆ ಸೊಸೈಟಿಯಿಂದ ಪತ್ರ ಬಂತು. ಮಾಲಕರ ಸಹಿ ಬೇಕಾದ್ದರಿಂದ ಮೋನಪ್ಪ ಅದನ್ನು ಅಣವೀರಪ್ಪನ ಕೈಯಲ್ಲಿ ಗ್ರಾಂಟ್ ರೋಡಿಗೆ ಕಳಿಸಿದ. ಗಲ್ಲಾದಲ್ಲಿ ಕೂತು ಕಾಂತಪ್ಪ ಓದಿದ. ಒಂದು ದಿನವೂ ಇಂಟರ್‌ನೆಟ್ ನಿಂತಿಲ್ಲ, ಸದಸ್ಯರೆಲ್ಲ ಬಹಳ ತೃಪ್ತರಾಗಿದ್ದಾರೆ, ಆದ್ದರಿಂದ ಒಂದು ವರ್ಷದ ಕರಾರನ್ನು ಐದು ವರ್ಷಕ್ಕೆ ಹೆಚ್ಚಿಸಲಾಗಿದೆ, ಚೀಫ್ ಇಂಜಿನಿಯರರು ಐದು ವರ್ಷವೂ ಇವರೇ ಇರತಕ್ಕದ್ದು.

"ಛಲೋ ಸುದ್ದಿ ಅಲ್ರೀ ಸಾವ್ಕಾರ್ರ?" ಎಂದ ಅಣವೀರಪ್ಪ.

"ಛಲೋ ಸುದ್ದಿ," ಎಂದ ಕಾಂತಪ್ಪ.

ಎಂಬತ್ತನಾಲ್ಕು ಮನೆಗೆ ಗಾಳಿಯಲ್ಲೇ ಇಂಟರ್‌ನೆಟ್ ದಾಟಿಸುವ ಕಂಪನಿಯ ಮಾಲಕನು ಪತ್ರಕ್ಕೆ ಸಹಿ ಹಾಕಿದ. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಮುಂದೆ ಬಂದು ನಿಂತಿದ್ದವರಿಂದ ಎರಡು ಮಸಾಲೆ ದೋಸೆ, ಒಂದು ಕಾಫಿಯ ಬಿಲ್ಲು ತೆಗೆದುಕೊಂಡ.